ಕುದುರೆ ಬಲ್ಲವರ ಮಾತು

ಕಾರಹುಣ್ಣಿಮೆಯ ಸಂಜೆ ಅಳವಂಡಿಯ ಕಡೆಯ ಹಳ್ಳಿಗಳಲ್ಲಿ ಕರಿ ಹರಿಯುವುದನ್ನು ಕಂಡವರಿಗೆ ಓಟದ ಪಂದ್ಯವೆಂದರೆ ಏನೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಹಸಿಯಾದ ಎರೆಯ ನೆಲ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲು ಹೊದಿಸಿದ ಎತ್ತುಗಳು. ಅಗಸೆಯಲ್ಲಿ ಅಡ್ಡಲಾಗಿ ಬಿಗಿದ, ಬೇವಿನ ತೊಪ್ಪಲು ಕಟ್ಟಿದ ಹಗ್ಗ. ಒಂದೇ ಕೂಗಿಗೆ ಎತ್ತುಗಳು ನುಗ್ಗುತ್ತವೆ, ಹಗ್ಗ ಹರಿಯುತ್ತದೆ, ಊರೆಲ್ಲ ಕೇಕೆ ಹಾಕುತ್ತದೆ. ಯಾವ ಬಣ್ಣದ ಎತ್ತು ಮುಂದೆ ಬಂದಿತೋ ಆ ವರ್ಷ ಆ ಬಣ್ಣದ ಪೀಕು ಹುಲುಸಾದೀತೆಂದು ಹಿರಿಯರು ಲೆಕ್ಕ ಹಾಕುತ್ತಾರೆ. ಪೀಕು ಆ ಲೆಕ್ಕದಂತೆಯೇ ಬರುತ್ತದೆಯೋ ಇಲ್ಲವೋ, ಅದು ಬೇರೆ ಮಾತು.

ಅಳವಂಡಿ ಕೊಪ್ಪಳ ತಾಲೂಕಿನ ಊರು. ಹೈದರಾಬಾದು ವಿಮೋಚನೆಯ ಹೋರಾಟದಲ್ಲಿ ಹೆಸರು ಮಾಡಿ, ಮುಂದೆ ಲೋಕಸಭೆಯಲ್ಲಿ ಕುಳಿತ ಶಿವಮೂರ್ತಿಸ್ವಾಮಿಗಳ ಹೆಸರಿನೊಡನೆ ಸೇರಿ ಅದು ನಾಡಿಗೆಲ್ಲ ಪರಿಚಿತವಾಯಿತು. ಆ ಸೀಮೆಯ ಎತ್ತಿನ ಓಟದಲ್ಲಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಎತ್ತಿನ ಒಡೆಯನನ್ನು ಯಾರೂ “ಹ್ಯಾಂಗೈತಿ ನಿಮ್ಮ ಎತ್ತು?” ಎಂದು ಗುಟ್ಟಾಗಿ ಕೇಳುವುದಿಲ್ಲ. ಕೇಳುವ ಅಗತ್ಯವೇ ಬೀಳುವುದಿಲ್ಲ. ವರ್ಷವಿಡೀ ಅದು ಕುಂಟೆ ಹೊಡೆದದ್ದನ್ನೂ, ಬಂಡಿ ಎಳೆದದ್ದನ್ನೂ, ಯಾವ ಕಾಲನ್ನು ಸ್ವಲ್ಪ ಎಳೆದು ಹಾಕುತ್ತದೆಂಬುದನ್ನೂ ಊರೇ ಕಂಡಿರುತ್ತದೆ. ಹತ್ತಿಕಾಳು, ಹಿಂಡಿ ತಿನ್ನಿಸಿದವರಾರು, ಬರೀ ಕಣಿಕೆಯ ಮೇಲೆ ಸಾಕಿದವರಾರು ಎಂಬುದೂ ನೆರೆಹೊರೆಗೆ ಗೊತ್ತು. ಒಡೆಯನು ಜಂಬ ಕೊಚ್ಚಿದರೆ ಜನ ನಕ್ಕು ಸುಮ್ಮನಾಗುತ್ತಾರೆ; ಆ ಜಂಬದಿಂದ ಯಾರ ಮನೆಯ ಒಲೆಯೂ ಆರುವುದಿಲ್ಲ.

ಇನ್ನು ಅದೇ ಸೀಮೆಯ ಒಬ್ಬ ತರುಣ ಓದು ಮುಗಿಸಿ, ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿಗೆ ಬಂದು ಗುಮಾಸ್ತಿಕೆಗೆ ಸೇರಿದನೆಂದು ಭಾವಿಸಬಹುದು. ಅಂಥವರು ಎಷ್ಟೋ ಮಂದಿ. ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಕುದುರೆ ಪಂದ್ಯದ ಮೈದಾನ. ಬಾಲ್ಯದಿಂದ ಎತ್ತಿನ ಓಟ ನೋಡಿದವನಿಗೆ ಕುದುರೆಯ ಓಟದ ಮೇಲೆ ಆಸೆ ಹುಟ್ಟಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಬೇಲಿಯ ಬಳಿ ನಿಂತು ಕೆಲವು ಓಟಗಳನ್ನು ಕಂಡ ಮೇಲೆ ಅವನಿಗೆ ಒಂದು ವಿಷಯ ಹೊಳೆಯದಿರದು. ಇಲ್ಲಿ ಓಡುವ ಪ್ರಾಣಿಯನ್ನು ಅವನು ಬಲ್ಲವನಲ್ಲ. ಬಲ್ಲವರು ಬೇರೆ ಇದ್ದಾರೆ. ಅವನ ಪಾಲಿಗೆ ಉಳಿದದ್ದು ಆ ಬಲ್ಲವರ ಮಾತು ಮಾತ್ರ. ಆ ಮಾತಿನ ಬೆಲೆ ಎಷ್ಟು?

ನಮ್ಮ ನಾಡಿಗೆ ಈ ಆಟ ಹೊಸದಲ್ಲ. ಮೈಸೂರಿನ ರೇಸ್ ಕ್ಲಬ್ಬಿನ ಚರಿತ್ರೆ ೧೮೯೧ರಿಂದ ಮೊದಲಾಗುತ್ತದೆ; ಬೆಂಗಳೂರಿನ ಟರ್ಫ್ ಕ್ಲಬ್ಬಿನದು ೧೯೨೧ರಿಂದ. ೧೯೫೨ರಲ್ಲಿ ಮೈಸೂರು ಸರ್ಕಾರ ಕುದುರೆ ಪಂದ್ಯದ ಮೈದಾನಗಳಿಗೆ ಪರವಾನಗಿ ಕಡ್ಡಾಯವೆಂದು ಕಾಯಿದೆ ಮಾಡಿತು. ೨೦೨೪ರಲ್ಲಿ ಇದೇ ಪರವಾನಗಿಯ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಬೇಸಿಗೆಯಲ್ಲೂ ಚಳಿಗಾಲದಲ್ಲೂ ಬೆಂಗಳೂರು, ನಡುವೆ ಮೈಸೂರು, ಹೀಗೆ ಪಂದ್ಯಗಳ ಕಾಲ ಸುತ್ತುತ್ತಿರುತ್ತದೆ.

ಸಾಮಾನ್ಯ ಜನರಿಗೆ ಕುದುರೆಯ ವಿಚಾರ ತಿಳಿಯುವ ದಾರಿಗಳು ಮೂರು. ಮೊದಲನೆಯದು ಪಂದ್ಯದ ಪುಸ್ತಕ: ಕುದುರೆಯ ವಂಶ, ಹಿಂದಿನ ಓಟಗಳ ಫಲ, ಹೊರಬೇಕಾದ ತೂಕ, ಸವಾರ ಮತ್ತು ತರಬೇತುದಾರರ ಹೆಸರು ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಎರಡನೆಯದು ಪ್ಯಾಡಕ್ಕು; ಓಟಕ್ಕೆ ಮೊದಲು ಕುದುರೆಗಳನ್ನು ಜನರೆದುರಿಗೆ ಸುತ್ತಾಡಿಸುವ ಆವರಣ. ಬಲ್ಲವನಾದರೆ ಮೈಯ ಹೊಳಪು, ಬೆವರು, ನಡಿಗೆ ಇಷ್ಟರಿಂದಲೇ ಏನಾದರೂ ಊಹಿಸಿಯಾನು. ಆದರೆ ಅದಕ್ಕೆ ಸಿಗುವ ಅವಧಿ ಕೆಲವೇ ನಿಮಿಷಗಳು. ಮೂರನೆಯದೇ ಬೆಳಗಿನ ಓಟದ ವರದಿ. ಸೂರ್ಯೋದಯದ ಹೊತ್ತಿಗೆ ಕುದುರೆಗಳು ಮೈದಾನದಲ್ಲಿ ಅಭ್ಯಾಸ ಮಾಡುತ್ತವೆ. ಪತ್ರಿಕೆಯವರು ಗಡಿಯಾರ ಹಿಡಿದು ನಿಲ್ಲುತ್ತಾರೆ. ೧೨೦೦ ಮೀಟರಿಗೆ ಇಷ್ಟು, ಕೊನೆಯ ೬೦೦ ಮೀಟರಿಗೆ ಇಷ್ಟು ಎಂದು ಮರುದಿನ ಅಂಕಿಗಳು ಪ್ರಕಟವಾಗುತ್ತವೆ.

ಆ ವರದಿಗಳ ಭಾಷೆ ಸ್ವಾರಸ್ಯವಾದದ್ದು. ಒಂದು ಕುದುರೆ “ಸಲೀಸಾಗಿ ಚಲಿಸಿತು”, ಇನ್ನೊಂದು “ಮೆಚ್ಚಿಗೆಯಾಯಿತು”, ಮತ್ತೊಂದು “ಒಳ್ಳೆಯ ಹದದಲ್ಲಿದೆ”, ಮಗದೊಂದು “ಹಳೆಯ ಹುರುಪನ್ನು ಉಳಿಸಿಕೊಂಡಿದೆ”. ಮದುವೆಯ ಹೆಣ್ಣನ್ನು ನೋಡಿ ಬಂದ ಸೋದರತ್ತೆಯ ಮಾತಿನಂತೆ ಇವೆಲ್ಲವೂ ಒಪ್ಪತಕ್ಕವೇ, ಆದರೆ ಯಾವುದನ್ನೂ ಹಿಡಿದು ಕೇಳುವ ಹಾಗಿಲ್ಲ. ಸಮಯದ ಅಂಕಿಯೇನೋ ನಿಜ. ಆದರೆ ಬೆಳಗ್ಗೆ ಅದರ ಬೆನ್ನ ಮೇಲೆ ಕುಳಿತವನ ತೂಕವೆಷ್ಟು, ಆತ ಲಗಾಮು ಸಡಿಲ ಬಿಟ್ಟಿದ್ದನೋ ಬಿಗಿ ಹಿಡಿದಿದ್ದನೋ, ತರಬೇತುದಾರನು ಎಷ್ಟು ಓಡಿಸಲು ಹೇಳಿದ್ದನು ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಅದೇ ಅಂಕಿ ತಿಳಿದವನಿಗೆ ಒಂದು ಅರ್ಥ, ತಿಳಿಯದವನಿಗೆ ಇನ್ನೊಂದು ಅರ್ಥ ಕೊಡುತ್ತದೆ.

ಇದರ ಮೇಲೆ ದೊಡ್ಡ ಪಂದ್ಯದ ಮುನ್ನಾದಿನ ತರಬೇತುದಾರರ ಮಾತುಗಳು ಪ್ರಕಟವಾಗುವುದುಂಟು. “ಕುದುರೆ ಆರೋಗ್ಯವಾಗಿದೆ, ಚೆನ್ನಾಗಿ ಓಡೀತು, ದೈವಸಹಾಯವಿದ್ದರೆ ಗೆದ್ದೀತು.” ಈ ಮಾತು ಎಂದಿಗೂ ಸುಳ್ಳಾಗಲಾರದು, ಗೆದ್ದರೂ ಸತ್ಯ, ಸೋತರೂ ಸತ್ಯ. ಹೇಳಿದವನು ಅಪ್ರಾಮಾಣಿಕನೆಂದು ಯಾರೂ ಹೇಳುವಂತಿಲ್ಲ. ಆದರೆ ಓದಿದವನ ಜ್ಞಾನ ಅದರಿಂದ ಎಳ್ಳಷ್ಟೂ ಹೆಚ್ಚಲಿಲ್ಲ.

ತರಬೇತುದಾರನನ್ನು ದೂಷಿಸುವುದಕ್ಕೆ ಮೊದಲು ಆತನ ಪರಿಸ್ಥಿತಿಯನ್ನೂ ತಿಳಿಯುವುದು ನ್ಯಾಯ. ಕುದುರೆ ಆತನದಲ್ಲ, ಒಡೆಯನದು. ಲಾಯದ ಖರ್ಚು, ಮೇವು, ಪಶುವೈದ್ಯನ ಸಂಭಾವನೆ ಎಲ್ಲವನ್ನೂ ತಿಂಗಳು ತಿಂಗಳು ಕೊಡುವವನು ಒಡೆಯ. ತನ್ನ ಕುದುರೆಯ ಗುಟ್ಟು ತನ್ನ ಸ್ವತ್ತೆಂದು ಆತ ತಿಳಿದರೆ ತಪ್ಪೇನು? ಬೇಲಿಯಾಚೆ ನಿಂತ ಸಾವಿರಾರು ಜನರಿಗೆ ಅದನ್ನು ಸಾರಿ ಹೇಳಿದ ತರಬೇತುದಾರನ ಲಾಯದಲ್ಲಿ ಮುಂದಿನ ವರ್ಷ ಆ ಕುದುರೆ ಉಳಿಯುವುದೆಂಬ ಭರವಸೆಯಿಲ್ಲ. ಇನ್ನು ಸವಾರ. ಹೊಟ್ಟೆ ಬಿಗಿದು ತೂಕ ಕಾಯಬೇಕು, ನಸುಕಿನಲ್ಲೇ ಎದ್ದು ಲಾಯಕ್ಕೆ ಹೋಗಬೇಕು, ಬಿದ್ದರೆ ಮೂಳೆ ಮುರಿಯುವ ಭಯ ಪ್ರತಿ ಓಟದಲ್ಲಿಯೂ ಬೆನ್ನಿಗಿರುತ್ತದೆ. ಮುಂದಿನ ಸವಾರಿ ಸಿಗಬೇಕಾದರೆ ತರಬೇತುದಾರನ ಪ್ರೀತಿ ಬೇಕು. ಇವರಿಬ್ಬರೂ ಜನರಿಗೆ ಸತ್ಯ ಹೇಳಲು ಬದ್ಧರೆಂದು ಎಲ್ಲಿಯೂ ಪ್ರತಿಜ್ಞೆ ಮಾಡಿಲ್ಲ. ಅವರು ಬದ್ಧರಾಗಿರುವುದು ಒಂದಕ್ಕೇ: ಓಡಿಸಿದ ಕುದುರೆಯನ್ನು ಗೆಲ್ಲಿಸುವುದಕ್ಕಾಗಿಯೇ ಓಡಿಸತಕ್ಕದ್ದು. ಯಾವ ದೇಶದ ಪಂದ್ಯದ ನಿಯಮಗಳಲ್ಲಿಯೂ ಇದು ಮೂಲ ನಿಯಮ.

ಈ ನಿಯಮವನ್ನು ಮುರಿಯುವ ಆಸೆ ಎಲ್ಲಿಂದ ಹುಟ್ಟುತ್ತದೆ? ಉತ್ತರ ಪಂದ್ಯದ ಪುಸ್ತಕದಲ್ಲಿ ಅಚ್ಚಾಗಿರುವ ತೂಕದ ಅಂಕಣದಲ್ಲಿಯೇ ಇದೆ. ಬಹುತೇಕ ಓಟಗಳಲ್ಲಿ ಕುದುರೆಗಳ ಯೋಗ್ಯತೆಗೆ ತಕ್ಕಂತೆ ಭಾರ ಹೊರಿಸುತ್ತಾರೆ. ಬಲವಾದದ್ದಕ್ಕೆ ಹೆಚ್ಚು, ದುರ್ಬಲವಾದದ್ದಕ್ಕೆ ಕಡಿಮೆ. ಎಲ್ಲಕ್ಕೂ ಗೆಲ್ಲುವ ಅವಕಾಶ ಸಮನಾಗಲೆಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಗೆದ್ದ ಕುದುರೆಯ ಅಂಕ ಏರುತ್ತದೆ, ಮುಂದಿನ ಸಲ ಭಾರ ಹೆಚ್ಚುತ್ತದೆ. ಸೋಲುತ್ತ ಬಂದದ್ದರ ಅಂಕ ಇಳಿಯುತ್ತದೆ, ಭಾರವೂ ಇಳಿಯುತ್ತದೆ, ಜೊತೆಗೆ ಜನರ ನಂಬಿಕೆ ಇಳಿದು ಅದರ ಮೇಲಿನ ಬಾಜಿಯ ದರ ಏರುತ್ತದೆ. ಹೀಗಾಗಿ ನಾಲ್ಕು ಸಲ ಸೋತು ಐದನೆಯ ಸಲ ಗೆಲ್ಲುವುದು ಐದು ಸಲವೂ ಪ್ರಾಮಾಣಿಕವಾಗಿ ಓಡುವುದಕ್ಕಿಂತ ಲಾಭಕರವಾದೀತೆಂಬ ಯೋಚನೆ ಕೆಲವರ ತಲೆಯಲ್ಲಿ ಮೊಳೆಯುತ್ತದೆ. ಆ ನಾಲ್ಕು ಸಲ ಸುಮ್ಮನಿದ್ದ ನಾಲಿಗೆ, ಐದನೆಯ ಸಲದ ಮುನ್ನಾದಿನ ಯಾರ ಕಿವಿಯಲ್ಲಿ ಉಸುರುತ್ತದೆಂಬುದೇ ಈ ಕಥೆಯ ಗಂಟು.

ಆಡಬಹುದಾದ ಸುಳ್ಳುಗಳು ಎರಡು ಬಗೆ. ಸಿದ್ಧವಾದ ಕುದುರೆಯನ್ನು ಸಿದ್ಧವಾಗಿಲ್ಲವೆನ್ನುವುದು ಒಂದು. ಸಿದ್ಧವಾಗದ್ದನ್ನು ಸಿದ್ಧವೆನ್ನುವುದು ಇನ್ನೊಂದು. ಇವೆರಡೂ ಇಂದಲ್ಲ ನಾಳೆ ಬಯಲಾಗುತ್ತವೆ. ಹೇಳಿದವನ ಮುಖಕ್ಕೆ ಮಸಿ ಹತ್ತುತ್ತದೆ. ಇವಕ್ಕಿಂತ ಘೋರವಾದದ್ದು ಸುಳ್ಳೇ ಅಲ್ಲ, ಸತ್ಯ. ಆದರೆ ಇಬ್ಬರಿಗೆ ಹೇಳಿ ಇನ್ನೂರು ಜನರಿಗೆ ಹೇಳದೆ ಬಿಟ್ಟ ಸತ್ಯ. ಅದು ಬಯಲಾಗುವುದಿಲ್ಲ, ಏಕೆಂದರೆ ಅದರಲ್ಲಿ ಹಿಡಿಯಬಹುದಾದ ಸುಳ್ಳು ಇಲ್ಲ.

ಇದರ ಕೇಡು ಟೋಟಿನ ಲೆಕ್ಕ ಅರಿತರೆ ಸ್ಪಷ್ಟವಾಗುತ್ತದೆ. ಟೋಟಿನಲ್ಲಿ ಎಲ್ಲರ ಹಣವೂ ಒಂದು ರಾಶಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ನೂರು ಜನ ಹತ್ತು ಹತ್ತು ರೂಪಾಯಿ ಹಾಕಿದರೆಂದು ಇಟ್ಟುಕೊಳ್ಳಬಹುದು. ಒಟ್ಟು ಸಾವಿರ. ಕಡಿತ ಇನ್ನೂರೆಂದು ಊಹಿಸಿದರೆ ಉಳಿಯುವುದು ಎಂಟುನೂರು. ಗೆದ್ದ ಕುದುರೆಯನ್ನು ಹಿಡಿದವರು ಹತ್ತು ಜನರಾದರೆ ತಲೆಗೆ ಎಂಬತ್ತು. ಆ ಹತ್ತರಲ್ಲಿ ಎಂಟು ಜನ ಸ್ವಂತ ಬುದ್ಧಿಯಿಂದಲೋ ಅದೃಷ್ಟದಿಂದಲೋ ಹಿಡಿದರು. ಇಬ್ಬರು ಮಾತ್ರ ಲಾಯದ ಗುಟ್ಟು ತಿಳಿದು ಹಿಡಿದರು. ಆ ಇಬ್ಬರ ನೂರ ಅರವತ್ತು ರೂಪಾಯಿ ಆಕಾಶದಿಂದ ಉದುರಲಿಲ್ಲ. ಉಳಿದ ತೊಂಬತ್ತೆಂಟು ಜನರ ಜೇಬಿನಿಂದ ಬಂತು. ಆ ಜೇಬುಗಳಲ್ಲಿ ಒಂದರಲ್ಲಿ ಮನೆ ಬಾಡಿಗೆಯಿತ್ತು, ಇನ್ನೊಂದರಲ್ಲಿ ಮಗುವಿನ ಶಾಲೆಯ ಶುಲ್ಕವಿತ್ತು. ಯಾರ ಜೇಬಿನಲ್ಲಿ ಏನಿತ್ತೆಂಬುದು ಟೋಟಿನ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಕಾದಿರುವ ಹೆಂಡತಿಗೆ ಗೊತ್ತಾಗುತ್ತದೆ.

ಈ ವಿಷಯದಲ್ಲಿ ಇಂಗ್ಲೆಂಡಿನ ಒಂದು ಹಳೆಯ ಪ್ರಸಂಗವನ್ನು ಕುದುರೆ ಪಂದ್ಯದ ಚರಿತ್ರಕಾರರು ಇಂದಿಗೂ ಮೆಲುಕು ಹಾಕುತ್ತಾರೆ. ೧೭೯೧ರ ಅಕ್ಟೋಬರ್ ತಿಂಗಳು, ನ್ಯೂಮಾರ್ಕೆಟ್ ಮೈದಾನ. ಮುಂದೆ ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ದೊರೆಯಾದ ವೇಲ್ಸ್ ರಾಜಕುಮಾರನಿಗೆ ಎಸ್ಕೇಪ್ ಎಂಬ ಕುದುರೆಯಿತ್ತು. ಅದರ ಸವಾರ ಸ್ಯಾಮ್ಯುಯೆಲ್ ಚಿಫ್ನಿ, ಆ ಕಾಲದ ಅತಿ ನಿಪುಣ ಜಾಕಿ. ರಾಜಕುಮಾರನಿಂದ ವರ್ಷಕ್ಕೆ ೨೦೦ ಗಿನಿ ಪಡೆಯುತ್ತಿದ್ದವನು. ೨೦ನೆಯ ತಾರೀಖು ಜನ ಎಸ್ಕೇಪ್ ಗೆದ್ದೇ ತೀರುವುದೆಂದು ನಂಬಿ ಹಣ ಸುರಿದರು. ಅದು ಕಟ್ಟಕಡೆಗೆ ಬಂತು. ಮರುದಿನ, ಹೆಚ್ಚು ದೂರದ ಓಟದಲ್ಲಿ, ಜನ ಅದನ್ನು ಕೈಬಿಟ್ಟಾಗ, ಏರಿದ ದರದಲ್ಲಿ ಅದೇ ಎಸ್ಕೇಪ್ ಸುಲಭವಾಗಿ ಗೆದ್ದಿತು. ಮೈದಾನವೆಲ್ಲ ಗುಲ್ಲೆದ್ದಿತು.

ವಿಚಾರಣೆ ನಡೆಯಿತು. ಚಿಫ್ನಿಯ ಸಮಾಧಾನ ಸರಳವಾಗಿತ್ತು. ಮೊದಲ ದಿನ ಕುದುರೆಗೆ ಸಾಕಷ್ಟು ಅಭ್ಯಾಸವಾಗಿರಲಿಲ್ಲ. ಆ ದಿನದ ಓಟವೇ ಅದರ ಉಸಿರನ್ನು ತೆರೆಯಿತು. ಆದ್ದರಿಂದ ಎರಡನೆಯ ದಿನ ಗೆದ್ದಿತು. ಮೊದಲ ದಿನ ತಾನು ಅದರ ಮೇಲೆ ಬಾಜಿ ಕಟ್ಟಲಿಲ್ಲ, ಎರಡನೆಯ ದಿನ ೨೦ ಗಿನಿ ಕಟ್ಟಿದ್ದುಂಟು ಎಂದು ಒಪ್ಪಿಕೊಂಡನು. ಆಗಿನ ಕಾಲದಲ್ಲಿ ಸವಾರರು ಬಾಜಿ ಕಟ್ಟುವುದಕ್ಕೆ ನಿಷೇಧವಿರಲಿಲ್ಲ. ಆದರೂ ಜಾಕಿ ಕ್ಲಬ್ಬಿನ ಸ್ಟುವರ್ಡ್ ಸರ್ ಚಾರ್ಲ್ಸ್ ಬನ್‌ಬರಿ ರಾಜಕುಮಾರನಿಗೆ ನೇರವಾಗಿಯೇ ಹೇಳಿದನು: ಚಿಫ್ನಿ ಸವಾರಿ ಮಾಡುವುದಾದರೆ ಯಾವ ಗೃಹಸ್ಥನೂ ಎದುರಿಗೆ ತನ್ನ ಕುದುರೆಯನ್ನು ಬಿಡಲಾರ. ರಾಜಕುಮಾರನು ಸಿಟ್ಟಿಗೆದ್ದು ನ್ಯೂಮಾರ್ಕೆಟ್ಟಿಗೆ ಬೆನ್ನು ಹಾಕಿದನು. ಸವಾರನಿಗೆ ಮಾತ್ರ ವರ್ಷಾಶನವನ್ನು ತಪ್ಪಿಸಲಿಲ್ಲ. ಚಿಫ್ನಿ ೧೮೦೪ರಲ್ಲಿ ತನ್ನ ಪಕ್ಷವನ್ನು ಸಮರ್ಥಿಸಿ ‘ಜೀನಿಯಸ್ ಜೆನ್ಯೂಯಿನ್’ ಎಂಬ ಪುಸ್ತಕ ಪ್ರಕಟಿಸಿದನು. ಕೊನೆಗೆ ೧೮೦೭ರಲ್ಲಿ ಸಾಲಗಾರರ ಸೆರೆಮನೆಯಲ್ಲಿ ಸತ್ತನು.

ಚಿಫ್ನಿ ಮೋಸಗಾರನೇ? ಕುದುರೆ ಬಲ್ಲ ಅನೇಕರು ಆತನ ಸಮಾಧಾನ ಅಸಂಭವವೇನೂ ಅಲ್ಲವೆನ್ನುತ್ತಾರೆ. ಒಂದು ಓಟ ಕುದುರೆಯ ಮೈಯನ್ನು ಸಡಿಲಿಸಿ ಮರುದಿನ ಅದನ್ನು ಬೇರೆಯೇ ಪ್ರಾಣಿಯನ್ನಾಗಿ ಮಾಡುವುದುಂಟು. ಆದರೆ ಆತನ ಬಾಯಿಂದಲೇ ಬಂದ ಒಂದು ಮಾತು ಆತನನ್ನು ಕಟ್ಟಿಹಾಕುತ್ತದೆ. ಕುದುರೆ ಸಿದ್ಧವಿಲ್ಲವೆಂಬುದು ಆತನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ತನ್ನ ಹಣವನ್ನು ಮೊದಲ ದಿನ ಕಟ್ಟಲಿಲ್ಲ. ಅದೇ ದಿನ ಜನ ತಮ್ಮ ಹಣವನ್ನು ಕಟ್ಟಿದರು. ಸವಾರನ ಅರಿವು ಆತನ ಸ್ವಂತ ೨೦ ಗಿನಿಯನ್ನು ಕಾಪಾಡಿತು, ಜನರದನ್ನಲ್ಲ. ಲಗಾಮು ಎಳೆಯದೆಯೇ, ಸುಳ್ಳಾಡದೆಯೇ ನಡೆದ ಅನ್ಯಾಯವಿದು. ಸವಾರಿ ಮಾಡುವವನು ಬಾಜಿ ಕಟ್ಟಕೂಡದೆಂಬ ಇಂದಿನ ನಿಯಮಕ್ಕೆ ಇಂಥ ಅನುಭವಗಳೇ ಬುನಾದಿ. ಬ್ರಿಟನ್ನಿನಲ್ಲಿ ಹಣಕ್ಕಾಗಿ ಲಾಯದೊಳಗಿನ ಸುದ್ದಿಯನ್ನು ಹೊರಗೆ ಮಾರುವುದೂ ಈಗ ಪಂದ್ಯದ ನಿಯಮಗಳಿಗೆ ವಿರುದ್ಧ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾನೂನಿನ ಇನ್ನೊಂದು ಮುಖವೂ ಉಂಟು. ೧೯೭೪ರಲ್ಲಿ ತಮಿಳುನಾಡು ಸರ್ಕಾರ ಕುದುರೆ ಪಂದ್ಯದ ಬಾಜಿಯನ್ನು ನಿಲ್ಲಿಸಲು ಕಾಯಿದೆ ಮಾಡಿತು. ಆ ವ್ಯಾಜ್ಯ ಬೆಳೆದು, ಡಾಕ್ಟರ್ ಕೆ. ಆರ್. ಲಕ್ಷ್ಮಣನ್ ಪ್ರಕರಣವೆಂದು ಹೆಸರಾಗಿ, ೧೯೯೬ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕುದುರೆ ಪಂದ್ಯ ಕೇವಲ ಅದೃಷ್ಟದಾಟವಲ್ಲ, ಕೌಶಲವೇ ಅದರಲ್ಲಿ ಪ್ರಧಾನ ಎಂದು ನ್ಯಾಯಾಲಯ ನಿರ್ಧರಿಸಿತು. ಕುದುರೆಯ ವಂಶ, ತರಬೇತಿ, ಸವಾರನ ಜಾಣ್ಮೆ ಇವನ್ನೆಲ್ಲ ತೂಗಿ ನೋಡಿ ಬಾಜಿ ಕಟ್ಟುವವನು ಕವಡೆ ಎಸೆಯುವವನಂತಲ್ಲ ಎಂಬುದು ಅದರ ತಾತ್ಪರ್ಯ. ಮಟ್ಕಾ ಆಡಿದವನನ್ನು ಪೊಲೀಸರು ಹಿಡಿದೊಯ್ಯುವಾಗ, ರೇಸಿಗೆ ಹೋದವನು ತಲೆಯೆತ್ತಿ ನಡೆಯುವುದು ಈ ಒಂದು ಮಾತಿನ ಬಲದಿಂದ.

ಬಲವೇನೋ ದೊಡ್ಡದು, ಅದು ನಿಂತಿರುವ ಕಾಲು ಎಷ್ಟು ಗಟ್ಟಿ? ತೂಗಿ ನೋಡುವವನಿಗೆ ತಕ್ಕಡಿ ಸರಿಯಾಗಿರಬೇಕು, ಬಟ್ಟುಗಳೂ ಸರಿಯಾಗಿರಬೇಕು. ಹಿಂದಿನ ನಾಲ್ಕು ಓಟಗಳ ಫಲವನ್ನು ಕಣ್ಣಿಗೆಣ್ಣೆ ಹಾಕಿಕೊಂಡು ಅಭ್ಯಾಸ ಮಾಡಿದವನಿಗೆ, ಆ ನಾಲ್ಕೂ ಓಟಗಳಲ್ಲಿ ಕುದುರೆಯನ್ನು ಮನಃಪೂರ್ವಕ ಓಡಿಸಿಯೇ ಇರಲಿಲ್ಲವೆಂದಾದರೆ, ಅವನ ಅಭ್ಯಾಸಕ್ಕೂ ಕವಡೆಗೂ ಏನು ವ್ಯತ್ಯಾಸ? ಸವಾರ ಮತ್ತು ತರಬೇತುದಾರರು ಪ್ರಾಮಾಣಿಕರಾಗಿರುವಷ್ಟು ಕಾಲ ಅದು ಕೌಶಲದ ಆಟ. ಅವರು ತಪ್ಪಿದ ಮಧ್ಯಾಹ್ನ ಅದು ಮಟ್ಕಾಕ್ಕಿಂತ ಕೀಳು. ಮಟ್ಕಾದಲ್ಲಿ ಅಂಕಿಯ ಹಿಂದೆ ಜ್ಞಾನವಿದೆಯೆಂದು ಯಾರೂ ನಂಬಿಸುವುದಿಲ್ಲವಷ್ಟೆ.

ತಪ್ಪನ್ನು ಸಿದ್ಧಪಡಿಸುವುದು ಸುಲಭದ ಕೆಲಸವೂ ಅಲ್ಲ. ಆರು ಬಾರಿ ಬ್ರಿಟನ್ನಿನ ಅಗ್ರ ಸವಾರನಾಗಿದ್ದ ಕೀರನ್ ಫ್ಯಾಲನ್ ಮೇಲೆ, ಬೇಕೆಂದೇ ಕುದುರೆಗಳನ್ನು ಸೋಲಿಸಿದನೆಂಬ ಆರೋಪ ಬಂದು ೨೦೦೭ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆಯಾಯಿತು. ಸಂಶಯಕ್ಕೆ ಗುರಿಯಾದ ಓಟಗಳಲ್ಲಿ ಆತ ಗೆದ್ದ ಪ್ರಮಾಣ ಆತನ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಾಗಿತ್ತೆಂಬುದು ಲೆಕ್ಕದಲ್ಲಿ ಹೊರಬಿದ್ದಿತು! ಡಿಸೆಂಬರಿನಲ್ಲಿ ಮೊಕದ್ದಮೆ ಕುಸಿದು ಆತ ಬಿಡುಗಡೆಯಾದನು. ಸೋತ ಸವಾರನೆಲ್ಲ ಕಳ್ಳನೆಂದು ಬೇಲಿಯ ಬಳಿ ಕೂಗುವವರು ಇದನ್ನು ಮರೆಯಬಾರದು. ಕುದುರೆ ಯಂತ್ರವಲ್ಲ, ಮುಂದಿನ ಕುದುರೆ ಎಸೆದ ಮಣ್ಣು ಕಣ್ಣಿಗೆ ಬಿದ್ದರೆ ಅದು ಮುನಿಸಿಕೊಳ್ಳುತ್ತದೆ, ದಾರಿ ಮುಚ್ಚಿದರೆ ಹಿಂಜರಿಯುತ್ತದೆ.

ಬೆಂಗಳೂರಿನಲ್ಲಿಯೂ ೨೦೧೭ರ ಮಾರ್ಚಿಯಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮೂತ್ರ ಪರೀಕ್ಷೆಯಲ್ಲಿ ಪ್ರೊಕೇನ್ ಕಂಡುಬಂದು, ವಿಷಯ ಸಿ.ಐ.ಡಿ.ಯವರೆಗೆ ಹೋಯಿತು. ಪ್ರೊಕೇನ್ ನೋವನ್ನು ಮರೆಸುವ ಮದ್ದು. ಒಂದು ಬಗೆಯ ಪೆನಿಸಿಲಿನ್ ಚುಚ್ಚುಮದ್ದಿನಲ್ಲಿಯೂ ಅದು ಸೇರಿರುತ್ತದೆ. ಆದುದರಿಂದ ಇಂಥ ಸಂದರ್ಭಗಳಲ್ಲಿ ಅದು ಮೈಗೆ ಹೇಗೆ ಬಂತು, ಯಾರು ಬಲ್ಲರು ಎಂಬುದೇ ತೊಡಕಿನ ಪ್ರಶ್ನೆ. ಓಟದ ದಿನ ಬೇಲಿಯ ಬಳಿ ಇದ್ದ ಜನಕ್ಕಂತೂ ಕಂಡದ್ದು ಗೆದ್ದ ಕುದುರೆ ಮಾತ್ರ.

ಅಧಿಕೃತವಾದ ಮಾತು ಇಷ್ಟು ಬಡವಾಗಿರುವುದರಿಂದಲೇ ಕದ್ದ ಮಾತಿಗೆ ಇಷ್ಟು ಬೆಲೆ. ಅಳವಂಡಿಯ ಆ ಕಲ್ಪಿತ ಗುಮಾಸ್ತನು ಒಂದು ಶನಿವಾರ ಕಾಫಿ ಹೋಟೆಲಿನಲ್ಲಿ ಕುಳಿತಿರುವಾಗ, ಪರಿಚಯವೇ ಇಲ್ಲದ ಒಬ್ಬ ಸಂಭಾವಿತನು ಎದುರಿನ ಕುರ್ಚಿ ಎಳೆದುಕೊಂಡು ದನಿ ತಗ್ಗಿಸುತ್ತಾನೆ:

“ಸಾರ್, ನಾಳೆ ನಾಲ್ಕನೇ ರೇಸು, ಏಳನೇ ನಂಬರು. ಜಾಕಿಯೇ ಹೇಳಿದ್ದು.”

“ಖರೇನ್ರೀ?”

“ನಿಮಗೆ ಸುಳ್ಳು ಹೇಳಿ ನನಗೇನಾಗಬೇಕು ಸಾರ್? ಗೆದ್ದ ಮೇಲೆ ಏನಾದರೂ ಕೊಡಿ, ಸಾಕು.”

ಗೆದ್ದ ಮೇಲೆ ಕೊಟ್ಟರೆ ಸಾಕೆನ್ನುವ ಔದಾರ್ಯದ ರಹಸ್ಯ ಬಲು ಸರಳ. ಅದೇ ಸಂಭಾವಿತನು ಪಕ್ಕದ ಹೋಟೆಲಿನಲ್ಲಿ ಎರಡನೇ ನಂಬರನ್ನೂ, ಬಸ್ ನಿಲ್ದಾಣದಲ್ಲಿ ಐದನೇ ನಂಬರನ್ನೂ ಹೇಳಿರುತ್ತಾನೆ. ಎಂಟು ಕುದುರೆಗಳಿಗೆ ಎಂಟು ಜನ. ಒಬ್ಬನಂತೂ ಗೆದ್ದೇ ಗೆಲ್ಲುತ್ತಾನೆ, ಋಣ ತೀರಿಸುತ್ತಾನೆ, ಮುಂದಿನ ವಾರ ಇಬ್ಬರು ಗೆಳೆಯರನ್ನೂ ಕರೆತರುತ್ತಾನೆ. ಸೋತ ಏಳು ಜನ ಬೈಯುವುದು ಯಾರನ್ನು? ಹೋಟೆಲಿನವನನ್ನಲ್ಲ, ಜಾಕಿಯನ್ನು. ಆ ಜಾಕಿ ಪಾಪ ಇವರಾರ ಮುಖವನ್ನೂ ಕಂಡವನಲ್ಲ. ಜಾಕಿಗಳ ಅಪ್ರಾಮಾಣಿಕತೆಯ ಬಗ್ಗೆ ಊರಲ್ಲಿ ಹರಡಿರುವ ಕಥೆಗಳಲ್ಲಿ ಎಷ್ಟೋ ಪಾಲು ಜಾಕಿಗಳು ಆಡದೇ ಇದ್ದ ಮಾತುಗಳ ಮೇಲೆ ಕಟ್ಟಿದವು.

ಸುಳ್ಳೋ ನಿಜವೋ, ಸುಳಿವನ್ನು ಹುಡುಕಿಕೊಂಡು ಹೋಗುವವನು ಬಯಸುವುದಾದರೂ ಏನನ್ನು? ಎಲ್ಲರಿಗೂ ಸತ್ಯ ತಿಳಿಯಲೆಂದಲ್ಲ, ತನಗೊಬ್ಬನಿಗೆ ತಿಳಿಯಲೆಂದು. ಸವಾರ ಪ್ರಾಮಾಣಿಕನಾಗಿರಬೇಕೆಂದು ಅವನು ಕೂಗುತ್ತಾನೆ, ಆದರೆ ತನ್ನ ಕಿವಿಯ ಮಟ್ಟಿಗೆ ಮಾತ್ರ ಆ ಸವಾರ ಅಪ್ರಾಮಾಣಿಕನಾಗಲೆಂದು ಕಾಫಿಯ ಹಣ ಕೊಡುತ್ತಾನೆ. ಗುಟ್ಟನ್ನು ಕೊಳ್ಳುವವರಿಲ್ಲದಿದ್ದರೆ ಮಾರುವವರೂ ಇರಲಾರರು ಎಂಬುದನ್ನು ಬೇಲಿಯ ಬಳಿ ಯಾರೂ ನೆನೆಯುವುದಿಲ್ಲ.

ಇದಕ್ಕೆ ಬೇರೆ ದೇಶ ಕಂಡುಕೊಂಡ ದಾರಿ ಸವಾರರಿಗೆ ಸತ್ಯವ್ರತ ಬೋಧಿಸುವುದಲ್ಲ. ಗುಟ್ಟನ್ನೇ ಅಗ್ಗ ಮಾಡುವುದು. ಹಾಂಗ್‌ಕಾಂಗಿನ ಕ್ಲಬ್ಬು ಕುದುರೆಗಳ ಅಭ್ಯಾಸದ ವಿವರವನ್ನೂ, ಪಶುವೈದ್ಯರ ದಾಖಲೆಯನ್ನೂ, ಪ್ರತಿ ಓಟದಲ್ಲಿ ಯಾವ ಕುದುರೆಗೆ ಏನಾಯಿತೆಂಬ ಸ್ಟುವರ್ಡುಗಳ ವರದಿಯನ್ನೂ ಎಲ್ಲರಿಗೂ ತೆರೆದಿಟ್ಟಿದೆ. ಯಾವ ಕುದುರೆಗೆ ಯಾವಾಗ ಕಾಲು ಊದಿತ್ತು ಎಂಬುದನ್ನು ತರಬೇತುದಾರನ ಮನೆ ಬಾಗಿಲು ಕಾಯದೆ ಯಾರು ಬೇಕಾದರೂ ಓದಬಹುದು. ಆಸ್ಟ್ರೇಲಿಯಾದಲ್ಲಿ ಕುದುರೆಯನ್ನು ಓಡಿಸುವ ರೀತಿಯನ್ನು ಬದಲಿಸುವುದಿದ್ದರೆ, ಉದಾಹರಣೆಗೆ ಯಾವಾಗಲೂ ಹಿಂದೆ ಉಳಿದು ಕೊನೆಗೆ ನುಗ್ಗುವುದನ್ನು ಈ ಸಲ ಮೊದಲಿನಿಂದಲೇ ಮುಂದೆ ಬಿಡುವುದಿದ್ದರೆ, ತರಬೇತುದಾರನು ಮುಂಚೆಯೇ ಸ್ಟುವರ್ಡುಗಳಿಗೆ ತಿಳಿಸಬೇಕು. ಅವರು ಅದನ್ನು ಜನರಿಗೆ ತಿಳಿಸುತ್ತಾರೆ. ಚಿಫ್ನಿಗೆ ೧೭೯೧ರ ಅಕ್ಟೋಬರ್ ೨೦ರ ಬೆಳಗ್ಗೆ ಇಂಥ ಒಂದು ಕಟ್ಟಳೆಯಿದ್ದಿದ್ದರೆ, ಕುದುರೆಗೆ ಅಭ್ಯಾಸ ಸಾಲದು ಎಂಬ ನಾಲ್ಕು ಮಾತು ಬರೆದು ಕೊಟ್ಟು ಆತ ಮಾನವಂತನಾಗಿ ಬದುಕಬಹುದಾಗಿತ್ತು. ನಮ್ಮಲ್ಲಿಯೂ ಸ್ಟುವರ್ಡುಗಳಿದ್ದಾರೆ, ಓಟದ ಚಿತ್ರಗಳಿವೆ, ವಿಚಾರಣೆ ದಂಡನೆಗಳಿವೆ. ಆದರೆ ಇವೆಲ್ಲ ಓಟ ಮುಗಿದ ಮೇಲಿನ ಮಾತು. ಬಾಜಿಯ ಹಣ ಹೋಗುವುದು ಓಟಕ್ಕೆ ಮೊದಲು.

ಹಣ ಹೋಗುವ ವೇಗವೂ ಈಗ ಹೆಚ್ಚಿದೆ. ೨೦೧೭ರಿಂದ ಶೇಕಡಾ ೨೮ ಇದ್ದ ತೆರಿಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೪೦ಕ್ಕೆ ಏರಿತು. ಇಷ್ಟು ಭಾರದ ಮೇಲೆ ಸ್ವಂತ ಬುದ್ಧಿಯಿಂದ ಗೆದ್ದು ಮನೆ ಕಟ್ಟಿದವನನ್ನು ಹುಡುಕಲು ಹಗಲಿನಲ್ಲಿಯೂ ದೀಪ ಬೇಕು.

ಕುದುರೆಯ ಜ್ಞಾನಕ್ಕೂ ಜೂಜಿನ ಜ್ಞಾನಕ್ಕೂ ಒಮ್ಮೆ ಬಹಿರಂಗವಾಗಿಯೇ ವಿನಿಮಯ ನಡೆದ ಕಥೆ ಕನ್ನಡಿಗರಿಗೆ ಗೊತ್ತು. ಕನಕದಾಸರು ಷಟ್ಪದಿಯಲ್ಲಿ ನಿರೂಪಿಸಿದ ನಳನ ಕಥೆಯದು. ಪುಷ್ಕರನ ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ ವಿದರ್ಭದ ಕಡೆಗೆ ರಥ ಬಿಟ್ಟಿದ್ದಾನೆ. ದಾರಿಯಲ್ಲಿ ಒಂದು ತಾರೆ ಮರ. ಋತುಪರ್ಣನು ಕುಳಿತಲ್ಲಿಂದಲೇ ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂದು ಲೆಕ್ಕ ಹೇಳುತ್ತಾನೆ. ಮಹಾಭಾರತದ ಬಾಹುಕನು ಆ ಮಾತಿಗೆ ತಲೆದೂಗಿ ಮುಂದೆ ಹೋಗುವುದಿಲ್ಲ. ರಥ ನಿಲ್ಲಿಸುತ್ತಾನೆ. ಹೊತ್ತಾಯಿತೆಂದು ಅರಸನು ಚಡಪಡಿಸಿದರೂ ಕೇಳದೆ ಕೆಳಗಿಳಿದು, ಮರವನ್ನು ಕಡಿದು ಕೆಡವಿ, ಕುಳಿತು ಎಣಿಸುತ್ತಾನೆ. ಲೆಕ್ಕ ಸರಿಯಾಗಿತ್ತು. ಆಮೇಲೆಯೇ ಆತ ಅಕ್ಷಹೃದಯವನ್ನು ಬೇಡಿ, ಪ್ರತಿಯಾಗಿ ಅಶ್ವಹೃದಯವನ್ನು ಕೊಡಲು ಒಪ್ಪಿದ್ದು. ರಥ ಮತ್ತೆ ಹೊರಟು ಸಂಜೆಯ ಹೊತ್ತಿಗೆ ವಿದರ್ಭವನ್ನು ಸೇರಿತು.